ಓರೆ ಅಂಚಿನ ಬಟ್ಟಲು

೧೨ ಸೆಪ್ಟೆಂಬರ್ ೨೦೧೭, ಮಂಗಳವಾರ

ಕೆನಡಾದ ಈ ರಿಚ್ಮಂಡ್ ಹಿಲ್‌ನಲ್ಲಿ ಹಿಲ್ ಎಲ್ಲಿದೆ ಎಂದು ಬಂದ ದಿನದಿಂದ ಹುಡುಕುತ್ತಿದ್ದೇನೆ. ಇದ್ದರೆ ಅದರ ಮೇಲೆ ಬೇರೆ ಯಾರೋ ಇರಬೇಕು. ನಾನಿರುವುದು ನೆಲದ ಕೆಳಗೆ, ಬೇಸ್‌ಮೆಂಟಿನಲ್ಲಿ. ಕಿಟಕಿ ಇದೆ ಎಂದು ಫೋನಿನಲ್ಲಿ ಹೇಳಿದ್ದರು. ಸುಳ್ಳಲ್ಲ. ಊಟದ ತಟ್ಟೆಯಷ್ಟು ದೊಡ್ಡ ಕಿಟಕಿ. ಅದರಲ್ಲಿ ಹುಲ್ಲಿನ ಬುಡ, ಆಗಾಗ ಒಂದು ಅಳಿಲಿನ ಹೊಟ್ಟೆ ಕಾಣುತ್ತದೆ.

ಮನೆ ಪ್ರಜ್ಞಾ ಆಂಟಿಯದು. ಉಡುಪಿ ಕಡೆಯವರು, ಒಳಗೆಲ್ಲ ತುಳು. ಆಂಟಿ ಮುದುಕರನ್ನು ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ನರ್ಸು. ಗಂಡ ಸುಧೀರ ಅಂಕಲ್ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಬಂದು ನಿದ್ದೆ ಮಾಡಿ ಹೋಗುತ್ತಾರೆ. ಮಗಳು ಇಂಚರಾ ಎಂಟನೇ ಕ್ಲಾಸು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಇವರೆಲ್ಲರ ಮೇಲೆ ಅಂಕಲ್ಲಿನ ತಾಯಿ, ಅಕ್ಕು ಅಜ್ಜಿ. ಆಂಟಿ ಅವರನ್ನು ಮಾಮಿ ಅನ್ನುತ್ತಾರೆ. ತುಳುವಿನಲ್ಲಿ ಅತ್ತೆಗೆ ಹಾಗೇ ಅಂತೆ.

"ನವೆಂಬರ್ ಕೊನೆವರೆಗೆ ನೋಡುವ ತೃಪ್ತಿ," ಅಂದರು ಆಂಟಿ. "ಮಾಮಿಗೆ ಸರಿ ಹೋದ್ರೆ ಏಪ್ರಿಲ್‌ವರೆಗೆ ಇರಬಹುದು ನೀನು."

ಅಂದರೆ ಪ್ರೊಬೇಷನ್. ಮಾಮಿಗೆ ಸರಿ ಹೋಗದಿದ್ದರೆ ಮೊದಲು ನಾನಿದ್ದ ಬ್ರಾಂಪ್ಟನ್ನಿನ ಬಾಡಿಗೆಮನೆಯ ಹಾಲಿಗೇ ವಾಪಸ್ಸು. ಅಲ್ಲಿ ನಮಗೆಲ್ಲ ಸೇರಿ ಹಾಸಿಗೆ ಕಡಿಮೆ, ಶಿಫ್ಟ್ ಮುಗಿಸಿ ಬಂದವಳು ಎಬ್ಬಿಸಿದರೆ ಎದ್ದು ಜಾಗ ಬಿಡಬೇಕು.

ರೂಮು ಹಿಡಿಯಲು ಒಂದು ಮಾತು ಹೇಳಿದ್ದೇನೆ. ಇಲ್ಲಿನ ನಮ್ಮವರ ಜಾಹೀರಾತುಗಳಲ್ಲೆಲ್ಲ 'ವೆಜಿಟೇರಿಯನ್ ಹುಡುಗಿಯರಿಗೆ ಮಾತ್ರ' ಎಂದಿರುತ್ತದೆ. ಇವರದರಲ್ಲಿ ಇರಲಿಲ್ಲ. ಆದರೂ ಮುಂಜಾಗ್ರತೆಗೆ, ಕೇಳುವ ಮೊದಲೇ "ನಾನು ಪ್ಯೂರ್ ವೆಜ್ ಆಂಟಿ" ಅಂದೆ. ಆಂಟಿ, "ನಮ್ಮದೂ ಹೆಚ್ಚುಕಡಿಮೆ ವೆಜ್ಜೇ" ಅಂದರು. ಏನು ತಿನ್ನುತ್ತೀಯ ಎಂದು ಹೇಳುವುದೆಂದರೆ ಯಾರ ಪೈಕಿ ಎಂದು ಹೇಳಿದ ಹಾಗೆ. ಏಳು ವರ್ಷದ ಹಾಸ್ಟೆಲ್ ಬೇರೇನು ಕಲಿಸದಿದ್ದರೂ ಅದನ್ನು ಕಲಿಸಿದೆ.

ನನ್ನ ರೂಮಿನ ಗೋಡೆಯಾಚೆ ಶವಪೆಟ್ಟಿಗೆಯಷ್ಟು ಉದ್ದದ ಫ್ರೀಜರ್ ಇದೆ. ಬೀಗ. ತೆಂಗಿನತುರಿ ಇಟ್ಟಿದ್ದೇವೆ ಅಂದರು. ಇಡೀ ಉಡುಪಿಗೆ ಸಾಲುವಷ್ಟು ತುರಿ ಇರಬೇಕು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷಾಭಿಮಾನದಿಂದಲ್ಲ. ಹಾಸ್ಟೆಲಿನಲ್ಲಿ ಕನ್ನಡ ಆಡಿದರೆ ಫೈನು. ಹಾಗಾಗಿ ಬೈಗುಳ, ಭಯ, ಗುಟ್ಟು ಎಲ್ಲ ಕನ್ನಡದಲ್ಲೇ ಉಳಿದುಕೊಂಡವು.

೧೭ ಸೆಪ್ಟೆಂಬರ್, ಭಾನುವಾರ

ಮೇಲಿನವರ ಜೊತೆ ಮೊದಲ ಊಟ. ಸಂಕ್ರಮಣವಂತೆ, ಅದಕ್ಕೆ ವಿಶೇಷ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಅಲಸಂಡೆ ಪಲ್ಯ. ಅನ್ನದ ಒಂದೊಂದು ಅಗುಳೂ ಕಡಲೆಕಾಳಿನಷ್ಟಿತ್ತು.

ಎಲ್ಲ ಅಚ್ಚುಕಟ್ಟಾಗಿ ನಿಭಾಯಿಸಿದೆ. ನನ್ನ ತಟ್ಟೆ ನಾನೇ ಒಯ್ದೆ. ಅಂಚಿನಲ್ಲಿ ೨೧೪ ಎಂದು ಮೊಳೆಯಿಂದ ಕುಟ್ಟಿದ, ಹಾಸ್ಟೆಲಿನ ಅದೇ ತಟ್ಟೆ. ತಟ್ಟೆ ಕಳೆದುಕೊಂಡವಳಿಗೆ ಆ ಹೊತ್ತು ಊಟವಿಲ್ಲ, ಅದು ನಮ್ಮ ಮೆಸ್ಸಿನ ನಿಯಮ. ಅದಕ್ಕೇ ಸೂಟ್‌ಕೇಸಿನಲ್ಲಿ ಸ್ವೆಟರಿಗಿಂತ ಮೊದಲು ಅದನ್ನಿಟ್ಟಿದ್ದೆ. ಅಜ್ಜಿ ನೀಲಿ ಹೂವಿನ ಪಿಂಗಾಣಿ ತಟ್ಟೆಯೊಂದನ್ನು ನನ್ನತ್ತ ಚಾಚಿದ್ದರು. ನಾನು ನನ್ನದನ್ನು ತೋರಿಸಿದೆ. ಅವರ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ವಯಸ್ಸಾಗಿದೆ, ಪಾಪ, ರಿಯಾಕ್ಷನ್ ನಿಧಾನ.

ನೀರಿಗೂ ಅವರಿಗೆ ತೊಂದರೆ ಕೊಡಲಿಲ್ಲ. ನನ್ನ ಬಾಟಲಿ ಇತ್ತು. ಊಟ ಮುಗಿದ ಕೂಡಲೇ ತಟ್ಟೆ ತೊಳೆದು, ಒರೆಸಿ, ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದೆ. ನಡುವೆ ಅಜ್ಜಿ "ಯಾವ ಕಡೆ, ಎಂಥ ಜನ" ಎಂದು ಶುರು ಮಾಡಿದರು. ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟೆ: ಹಾಸನದ ಕಡೆ. ಎರಡನೆಯದಕ್ಕೆ ಪಲ್ಯ ಚೆನ್ನಾಗಿದೆ ಅಂದೆ.

ಶಿಸ್ತು ಎಂದರೆ ಇದು. ಒಳ್ಳೆಯ ಇಂಪ್ರೆಷನ್ ಬಿದ್ದಿರಬೇಕು.

೩ ಅಕ್ಟೋಬರ್, ಮಂಗಳವಾರ

ಕಂಪ್ಯೂಟರ್ ಕಲಿಯಲು ಬಂದವಳಿಗೆ ಕಾಲೇಜಿನವರು ಆದಿ ನಾಗರಿಕತೆಗಳ ಪಾಠ ಕಡ್ಡಾಯ ಮಾಡಿದ್ದಾರೆ. ಮನುಷ್ಯ ಪೂರ್ಣನಾಗಬೇಕಂತೆ. ಸಿಂಧೂ ಕಣಿವೆಗೆ ಒಂದು ಕ್ಲಾಸು, ಮೆಸೊಪೊಟೇಮಿಯಕ್ಕೆ ಒಂದು ತಿಂಗಳು. ನಮ್ಮ ಕಡೆಯಿಂದ ಕೆಂಪು ಕಲ್ಲಿನ ಮಣಿಗಳು ಹಡಗು ಹತ್ತಿ ಹೋಗಿ ಅಲ್ಲಿನ ರಾಣಿಯರ ಕೊರಳಿಗೆ ಬಿದ್ದವು ಎನ್ನುವಷ್ಟಕ್ಕೆ ನಮ್ಮ ಪಾತ್ರ ಮುಗಿಯಿತು. ರಾಣಿಯ ಹೆಸರು ಗೊತ್ತಿದೆ, ಮಣಿ ಕೊರೆದು ಕಣ್ಣು ಕಳೆದುಕೊಂಡವನ ಹೆಸರು ಗೊತ್ತಿಲ್ಲ. ಇದನ್ನು ಟ್ರೇಡ್ ಅನ್ನುತ್ತಾರೆ.

ಇವತ್ತು ಒಂದು ಬಟ್ಟಲು ತೋರಿಸಿದರು. ಉರುಕ್ ಎಂಬ ಪಟ್ಟಣದ್ದು, ಐದು ಸಾವಿರ ವರ್ಷಕ್ಕೂ ಹಳೆಯದು. ಒರಟು ಮಣ್ಣು, ಅಚ್ಚಿಗೆ ಒತ್ತಿ ತೆಗೆದದ್ದು, ಅಂಚನ್ನು ಓರೆಯಾಗಿ ಕೊಯ್ದು ಬಿಟ್ಟಿದ್ದಾರೆ. ಚೆಂದ ಮಾಡುವ ಆಸೆ ಮಾಡಿದವನಿಗೂ ಇರಲಿಲ್ಲ. ಸಾವಿರಗಟ್ಟಲೆ ಸಿಕ್ಕಿವೆಯಂತೆ, ರಾಶಿ ರಾಶಿ. ದೇವಸ್ಥಾನದ ಉಗ್ರಾಣದಿಂದ ಕೂಲಿಯವರಿಗೆ ಬಾರ್ಲಿ ಅಳೆದು ಕೊಡುತ್ತಿದ್ದದ್ದು ಇದರಲ್ಲೇ ಇರಬೇಕು ಎಂದು ಒಂದು ಊಹೆ. ಅವರ ಲಿಪಿಯಲ್ಲಿ 'ಊಟ' ಎನ್ನಲು ಒಂದು ತಲೆ ಬರೆದು ಅದರ ಬಾಯಿಗೆ ಬಟ್ಟಲು ಹಿಡಿಸುತ್ತಿದ್ದರು. ಬರವಣಿಗೆ ಕಂಡುಹಿಡಿದವರು ಕವಿಗಳು ಎಂದುಕೊಂಡಿದ್ದೆ. ಅಲ್ಲ, ಮೆಸ್ ಮ್ಯಾನೇಜರುಗಳು.

ಇಬ್ಬಿಬ್ಬರು ಸೇರಿ ಒಂದು ವಸ್ತುವಿನ ಮೇಲೆ ಪ್ರೆಸೆಂಟೇಷನ್ ಕೊಡಬೇಕು, ನವೆಂಬರ್ ಕೊನೆಗೆ. ನಾನು ಬಟ್ಟಲು ತೆಗೆದುಕೊಂಡೆ. ಜೊತೆಗೆ ಸಿಕ್ಕಿದವನು ಬೆಂಗಳೂರಿನ ಮಂಥನ್. ಹೆಸರು ಹೇಳಿದರೆ "ಪೂರ್ತಿ ಹೆಸರು?" ಅಂದ. ಇನಿಷಿಯಲ್ ಕೊಟ್ಟು ಸುಮ್ಮನಾದೆ. ಸಿಂಧೂ ಕಣಿವೆಯಲ್ಲಿ ಅರಮನೆಯೇ ಸಿಕ್ಕಿಲ್ಲ, ಆದ್ದರಿಂದ ನಮ್ಮಲ್ಲಿ ಮೇಲು ಕೀಳು ಇರಲೇ ಇಲ್ಲ, ಎಲ್ಲ ಆಮೇಲೆ ಹೊರಗಿನವರು ತಂದದ್ದು ಎಂದು ಕಾಫಿ ಮುಗಿಯುವಷ್ಟರಲ್ಲಿ ಸಾಧಿಸಿಬಿಟ್ಟ. ನಿಮ್ಮ ಮನೆಯ ಕೆಲಸದವಳ ಲೋಟ ಎಲ್ಲಿರುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬೇರೆಯವರೆಲ್ಲ ಆಗಲೇ ಜೋಡಿಯಾಗಿದ್ದರು.

ಇನ್ನೊಂದು ವಿಷಯ. ಊಟಕ್ಕೆ ಕರೆಯುವುದು ನಿಂತಿದೆ. ಬದಲಿಗೆ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಬಾಳೆಹಣ್ಣು ಇಟ್ಟಿರುತ್ತಾರೆ. ಕೆಲವು ದಿನ ಕಿತ್ತಳೆ, ಒಮ್ಮೊಮ್ಮೆ ಜ್ಯೂಸ್ ಬಾಕ್ಸು. ಮೃಗಾಲಯದಲ್ಲಿ ಹೀಗೇ ಮಾಡುತ್ತಾರೆ. ಅಜ್ಜಿ ನನ್ನನ್ನು "ನೀವು" ಅನ್ನಲು ಶುರುಮಾಡಿದ್ದಾರೆ. ಮೊದಲ ವಾರ "ನೀನು" ಇತ್ತು. ದೂರ ತಳ್ಳುವುದಕ್ಕೆ ಮರ್ಯಾದೆಗಿಂತ ಉದ್ದದ ಕೋಲಿಲ್ಲ.

೯ ಅಕ್ಟೋಬರ್, ಸೋಮವಾರ

ಥ್ಯಾಂಕ್ಸ್‌ಗಿವಿಂಗ್ ರಜೆ. ಮೇಲಿನವರು ಯಾರದೋ ಮನೆಗೆ ಹೋದರು. ನಾನು ಕಿಟಕಿ ತೆರೆದು, ಬಾಗಿಲ ಸಂದಿಗೆ ಟವೆಲ್ ತುರುಕಿ, ಟ್ಯೂನಾ ಡಬ್ಬಿ ಒಡೆದೆ. ಟ್ಯೂನಾಕ್ಕೆ ಮೀನು ಎನ್ನುವುದು ಮೀನಿಗೆ ಅವಮಾನ. ಒದ್ದೆ ಹತ್ತಿಗೆ ಉಪ್ಪು ಹಾಕಿದ ಹಾಗೆ. ಆದರೂ ಡಬ್ಬಿ ನೆಕ್ಕಿದೆ. ಖಾಲಿ ಡಬ್ಬಿಯನ್ನು ಎರಡು ಕವರಿನಲ್ಲಿ ಸುತ್ತಿ, ಯಂಗ್ ಸ್ಟ್ರೀಟಿನ ಬಸ್‌ಸ್ಟಾಪಿನ ಕಸದ ಬುಟ್ಟಿಗೆ ಹಾಕಿ ಬಂದೆ. ಕೊಲೆ ಮಾಡಿದವರೂ ಇಷ್ಟು ನಡೆಯುವುದಿಲ್ಲ.

ಪಕ್ಕದ ಮನೆಯ ಬೆಕ್ಕು ಹಿತ್ತಿಲ ಬಾಗಿಲಲ್ಲಿ ಕೂತು ನನ್ನನ್ನು ನೋಡಿತು. ದಿನಾ ಬರುತ್ತಿದ್ದದ್ದು ಈಗ ಯಾಕೋ ಅಪರೂಪವಾಗಿದೆ ಎಂದು ಇಂಚರಾ ಹೇಳಿದ್ದಳು. ಸೌತೆಕಾಯಿ ಹುಳಿ ಮಾಡುವ ಮನೆಗೆ ಬೆಕ್ಕು ಯಾವ ಸುಖಕ್ಕೆ ಬರುತ್ತದೆ.

೧೯ ಅಕ್ಟೋಬರ್, ಗುರುವಾರ

ದೀಪಾವಳಿ. ಮೇಲಿನಿಂದ ದೋಸೆಯ ವಾಸನೆ, ಅರಿಶಿನ ಎಲೆಯಲ್ಲಿ ಬೇಯಿಸುವ, ಇವರು ಗಟ್ಟಿ ಎನ್ನುವ ಕಡುಬಿನ ವಾಸನೆ. ಹೊಟ್ಟೆ ನಾಯಿಯ ಹಾಗೆ ಕಿವಿ ನಿಮಿರಿಸಿತು.

ಅಜ್ಜಿ ಕೆಳಗೆ ಬಂದರು. ಕೈಯಲ್ಲಿ ಸೀಲು ಒಡೆಯದ ಅಂಗಡಿಯ ಸ್ವೀಟ್ ಬಾಕ್ಸು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಎಳನೀರು, ಅದರ ಮೇಲೆ ಕತ್ತಿ. "ಎಳನೀರು ಆಗ್ತದಲ್ಲ ನಿಮಗೆ? ಒಡೀಲಿಲ್ಲ ನಾನು. ನೀವೇ ಒಡೆದುಕೊಳ್ಳಿ," ಎಂದು ಮೇಜಿನ ಮೇಲಿಟ್ಟು, ಹಿಂದೆ ಸರಿದು ಹೋದರು. ಹಬ್ಬದ ದಿನ ಹುಡುಗಿಗೆ ಕತ್ತಿ ಕೊಟ್ಟು ಹೋಗುವುದು ಯಾವ ನಾಗರಿಕತೆಯ ಪದ್ಧತಿಯೋ. ಎರಡು ಏಟಿಗೆ ಎಳನೀರು ಲ್ಯಾಪ್‌ಟಾಪಿನ ಮೇಲೆ ಚೆಲ್ಲಿತು.

ಸಂಜೆ ಇಂಚರಾ ಪಟಾಕಿ ಇಲ್ಲದ ದೀಪಾವಳಿಗೆ ಬೇಸರವಾಗಿ ಕೆಳಗೆ ಬಂದಳು. ನನ್ನ ತಟ್ಟೆಯ ಮೇಲಿನ ನಂಬರು ನೋಡಲು ಕೈ ಚಾಚಿ, ಥಟ್ಟನೆ ಹಿಂದಕ್ಕೆಳೆದುಕೊಂಡಳು. ತೃಪ್ತಿಯ ತಟ್ಟೆಯನ್ನು ಯಾವತ್ತೂ ಮುಟ್ಟಬೇಡ ಎಂದು ಅಜ್ಜಿ ಹೇಳಿದ್ದಾರೆ ಅಂದಳು, ಇಂಗ್ಲಿಷಿನಲ್ಲಿ, ಹವಾಮಾನ ಹೇಳುವಷ್ಟು ಸಲೀಸಾಗಿ.

ಹಾಗಾದರೆ ನಾನು ಯಾರ ಪೈಕಿ ಎಂದು ಗೊತ್ತಾಗಿದೆ. ಹೇಗೆ ಗೊತ್ತಾಯಿತೋ. ಇವರ ಮೂಗಿಗೆ ಸಮುದ್ರ ಅಡ್ಡವಲ್ಲ.

ಸಿಪ್ಪೆ ಇರುವ ಹಣ್ಣು, ಸೀಲಿರುವ ಡಬ್ಬಿ, ಕೊಡುವವರ ಕೈಗೂ ತೆಗೆದುಕೊಳ್ಳುವವರ ಕೈಗೂ ನಡುವೆ ಒಂದು ಮೆಟ್ಟಿಲು. ನಮ್ಮೂರಿನ ಹೋಟೆಲಿನ ಹೊರಗೋಡೆಯ ಮೇಲೆ ಮಗುಚಿಟ್ಟ ಲೋಟವೊಂದಿತ್ತು. ನಮ್ಮಜ್ಜಿ ಕೂಲಿ ಮುಗಿಸಿ ಬಂದು, ಅದನ್ನು ತಾನೇ ತೆಗೆದು, ತೊಳೆದು, ಚಾಚಬೇಕು. ಆತ ಮೇಲಿನಿಂದ ಚಹಾ ಸುರಿಯುತ್ತಿದ್ದ. ಕುಡಿದು ಮತ್ತೆ ತೊಳೆದು ಮಗುಚಬೇಕು. ನಾನು ಹಾಸ್ಟೆಲಿಗೆ ಸೇರಿದ್ದೇ ಆ ಲೋಟದಿಂದ ದೂರ ಹೋಗಲಿಕ್ಕೆ. ಎಷ್ಟು ದೂರ ಬಂದೆ ನೋಡು. ಲೋಟ ಹೋಗಿ ಜ್ಯೂಸ್ ಬಾಕ್ಸ್ ಆಗಿದೆ, ಸ್ಟ್ರಾ ಸಮೇತ.

ಸ್ವೀಟ್ ಬಾಕ್ಸ್ ಒಡೆಯಲಿಲ್ಲ. ರಾತ್ರಿ ಒಡೆದೆ. ಎಲ್ಲ ಒಂದೇ ರುಚಿ.

೫ ನವೆಂಬರ್, ಭಾನುವಾರ

ಗಡಿಯಾರ ಒಂದು ಗಂಟೆ ಹಿಂದೆ. ಸಂಜೆ ಐದಕ್ಕೇ ಕತ್ತಲೆ. ಸರಕಾರವೇ ಹೊತ್ತು ಕದಿಯುವ ದೇಶ. ಅಳಿಲೂ ಬರಲಿಲ್ಲ.

೧೪ ನವೆಂಬರ್, ಮಂಗಳವಾರ

ಆಂಟಿ ಯೂನಿಫಾರ್ಮಿನಲ್ಲೇ ಕೆಳಗೆ ಬಂದು ನನ್ನ ಮಂಚದ ತುದಿಯಲ್ಲಿ ಕೂತರು. ಕೂತ ರೀತಿಯಲ್ಲೇ ಗೊತ್ತಾಯಿತು.

"ಮಾಮಿಗೆ ಸರಿ ಹೋಗ್ತಾ ಇಲ್ಲ ತೃಪ್ತಿ. ನಿನ್ನ ತಪ್ಪು ಎಂಥದೂ ಇಲ್ಲ. ಅವರು ಈಗೀಗ ಸರಿಯಾಗಿ ಉಣ್ಣುವುದೇ ಇಲ್ಲ ಮಾರಾಯ್ತಿ. ಈ ತಿಂಗಳ ಕೊನೆಗೆ ಬೇರೆ ಎಲ್ಲಿಯಾದ್ರೂ ನೋಡ್ತೀಯಾ?"

ನಾನು ಕೆಳಗಿದ್ದರೆ ಮೇಲಿನವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಇಂಥ ಶಕ್ತಿ ಮೆಸೊಪೊಟೇಮಿಯದ ಪಿಶಾಚಿಗಳಿಗೂ ಇದ್ದ ಹಾಗಿಲ್ಲ. "ಸರಿ ಆಂಟಿ" ಅಂದೆ. ಅವರು ನನ್ನ ಮೊಣಕಾಲು ತಟ್ಟಿ ಏಳುವಾಗ ಕಣ್ಣು ತಪ್ಪಿಸಿದರು.

ಬ್ರಾಂಪ್ಟನ್ನಿಗೆ ಫೋನ್ ಮಾಡಿದೆ. ಮೂಲೆ ಖಾಲಿ ಇದೆ, ಮೂವತ್ತನೇ ತಾರೀಕು ಸಂಜೆಯೊಳಗೆ ಹೇಳು, ಆಮೇಲೆ ಬೇರೆಯವಳು ಬರುತ್ತಾಳೆ ಅಂದರು. ಪರೀಕ್ಷೆ ಡಿಸೆಂಬರಿನಲ್ಲಿ. ಶಿಫ್ಟು ಮುಗಿಸಿದವಳು ಎಬ್ಬಿಸಿದಾಗ ಎದ್ದು ಬಾತ್‌ರೂಮಿನಲ್ಲಿ ಕೂತು ಓದಬಹುದು. ಹಾಸ್ಟೆಲಿನಲ್ಲಿ ಓದಿಲ್ಲವೇ. ಓದಿದ್ದೇನೆ. ಇನ್ನು ಹಾಗೆ ಓದಬಾರದು ಎಂದುಕೊಂಡಿದ್ದೆ.

೨೧ ನವೆಂಬರ್, ಮಂಗಳವಾರ

ಜ್ವರ. ಕ್ಲಾಸಿಲ್ಲ. ನನ್ನ ಕೆಮ್ಮು ಮೇಲಕ್ಕೆ ಕೇಳಿರಬೇಕು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಅಕ್ಕಿ, ಬೆಲ್ಲ, ಕಾಳುಮೆಣಸು, ಜೀರಿಗೆ, ಒಂದು ತುಂಡು ಶುಂಠಿ. ಎಲ್ಲ ಹಸಿ, ಎಲ್ಲ ಬೇರೆ ಬೇರೆ. ರೇಷನ್. ಓರೆ ಅಂಚಿನ ಬಟ್ಟಲೊಂದೇ ಬಾಕಿ. ಅದನ್ನೇ ಒಲೆಯ ಮೇಲೆ ಐದು ನಿಮಿಷ ಕುದಿಸಿ ಕೊಡಲು ಇವರಿಗೇನು ಧಾಡಿ.

ಮೈಕ್ರೋವೇವಿನಲ್ಲಿ ಕಷಾಯ ಮಾಡಿಕೊಂಡೆ. ಕೆಟ್ಟದಾಗಿತ್ತು. ಸಂಜೆ ಇನ್ನೊಮ್ಮೆ ಮಾಡಿಕೊಂಡೆ. ಮೇಲೆ ಅಜ್ಜಿಯ ಹೆಜ್ಜೆ ನನ್ನ ತಲೆಯ ನೇರಕ್ಕೆ ಬಂದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಹೋಗುತ್ತದೆ. ಬದುಕಿದೆಯೋ ಇಲ್ಲವೋ ಎಂದು ಕಿವಿ ಕೊಡುವುದಿರಬೇಕು. ಮನೆಯಲ್ಲಿ ಹೆಣ ಬಿದ್ದರೆ ಇವರಿಗೇ ತಾಪತ್ರಯವಲ್ಲ.

೨೮ ನವೆಂಬರ್, ಮಂಗಳವಾರ

ಪ್ರೆಸೆಂಟೇಷನ್ ಆಯಿತು. ಹೇಳಬೇಕಾದದ್ದನ್ನು ಹೇಳಿದೆ. ಮಂಥನ್ ಸ್ಲೈಡು ಒತ್ತಿದ. ಬಟ್ಟಲು ಪದವಿಯ ಗುರುತು, ಉಗ್ರಾಣದ ಕೀಲಿ ಇಟ್ಟುಕೊಂಡವನು ಮೇಲೆ, ಬಟ್ಟಲು ಹಿಡಿದು ನಿಂತವನು ಕೆಳಗೆ, ಜಗತ್ತು ಅಲ್ಲಿಂದ ಇಲ್ಲಿಯವರೆಗೆ ಅಷ್ಟೇ ಎಂದೆ. ತೋರಿಸಲು ನನ್ನ ತಟ್ಟೆಯನ್ನೇ ಒಯ್ದಿದ್ದೆ. ಕ್ಲಾಸಿನವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ೨೧೪ರ ಮೇಲೆ ಕೆನಡಾದ ಬೆರಳುಗಳು.

ಪ್ರೊಫೆಸರಮ್ಮ ಕನ್ನಡಕ ತೆಗೆದು ಕೇಳಿದರು: ಅದು ರೇಷನ್ ಬಟ್ಟಲೇ ಎಂದು ನಿನಗೆ ಯಾರು ಹೇಳಿದರು, ರೊಟ್ಟಿ ಬೇಯಿಸುವ ಅಚ್ಚು ಎನ್ನುವವರೂ ಇದ್ದಾರಲ್ಲ. ನಾನು ಪುಸ್ತಕದ ಹೆಸರು ಹೇಳಿದೆ. ಅವರು ನಕ್ಕರು. ಬಟ್ಟಲು ಸಿಕ್ಕಿದೆ, ಅದನ್ನು ಹಿಡಿದವರ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಸಿಕ್ಕಿಲ್ಲ, ಎರಡನ್ನೂ ಒಂದೇ ಮಾಡಬೇಡ ಅಂದರು. ಸುಲಭ ಅವರಿಗೆ. ಯಾರ ಮುಂದೆಯೂ ಬಟ್ಟಲು ಹಿಡಿದು ನಿಂತವರಲ್ಲ.

ತಟ್ಟೆ ನನ್ನ ಬ್ಯಾಗಿನಲ್ಲಿ ಹಿಡಿಸದೆ ಮಂಥನ್ ಚೀಲದಲ್ಲಿತ್ತು. ಸಂಜೆ ಮೆಸೇಜು ಮಾಡಿದ, ಚ್ಯೂಯಿಂಗ್ ಗಮ್ ಉಗುಳಿದಷ್ಟು ಹಗುರಾಗಿ: ಚೀಲ ಬಸ್ಸಲ್ಲೇ ಉಳೀತು ಅನ್ಸುತ್ತೆ, ಸಾರಿ, ಒಂದು ತಟ್ಟೆ ತಾನೆ, ಜೆರಾರ್ಡ್ ಬಜಾರಿನ ಇಂಡಿಯನ್ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತೆ. ತಟ್ಟೆ ತೊಳೆದವನಲ್ಲ ಅವನು. ಅವನಿಗೆ ಬೈಯಲು ಬೈಗುಳ ಹುಡುಕುತ್ತಾ ಕೂತೆ. ಒಂದೂ ಸಾಲಲಿಲ್ಲ.

೩೦ ನವೆಂಬರ್, ಗುರುವಾರ

ಸಂಜೆಯೊಳಗೆ ಬ್ರಾಂಪ್ಟನ್ನಿಗೆ ಫೋನ್ ಮಾಡಬೇಕಿತ್ತು. ಲ್ಯಾಬ್ ರದ್ದಾಗಿ ಮಧ್ಯಾಹ್ನವೇ ಮನೆಗೆ ಬಂದೆ, ಸಾಮಾನು ಕಟ್ಟಲು. ಆ ಹೊತ್ತಿಗೆ ನಾನು ಯಾವತ್ತೂ ಬರುವುದಿಲ್ಲ.

ಹಿತ್ತಿಲ ಬಾಗಿಲಲ್ಲಿ ಬೆಕ್ಕು ಕೂತಿತ್ತು. ಬಾಲ ಕುಣಿಸುತ್ತಿತ್ತು. ನನಗೂ ಮೂಗಿದೆ. ಒಣಮೀನು, ಎಣ್ಣೆಯಲ್ಲಿ ಬಿದ್ದು ಅಂಚು ಕೆಂಪಾಗುತ್ತಿರುವ ಒಣಮೀನು. ಬಾಗಿಲು ತೆರೆಯುವುದಕ್ಕೂ ಒಳಗೆ ಹೊಗೆಯ ಅಲಾರಂ ಅರಚಿಕೊಳ್ಳುವುದಕ್ಕೂ ಸರಿಹೋಯಿತು.

ಮೇಲೆ ಹೋದರೆ ಅಡುಗೆಮನೆ ತುಂಬ ಹೊಗೆ. ಅಜ್ಜಿ ಸೆರಗಿನಿಂದ ಅಲಾರಮ್ಮಿಗೆ ಬೀಸುತ್ತಿದ್ದರು, ಅದು ಅವರ ಎತ್ತರಕ್ಕೆ ಸಿಗುವಂಥದ್ದಲ್ಲ. ನಾನು ಕುರ್ಚಿ ಹತ್ತಿ ಗುಂಡಿ ಒತ್ತಿದೆ. ಸದ್ದು ನಿಂತಿತು. ಅಜ್ಜಿ ಆಗಲೇ ಬಾಣಲೆಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದಕ್ಕೆ ಚಾಚಿ, ಅದನ್ನು ಮರೆಮಾಡಿ ನಿಂತಿದ್ದರು. ವಾರ್ಡನ್ನಿಗೆ ಸಿಕ್ಕಿಬಿದ್ದ ಹುಡುಗಿಯ ಹಾಗೆ. ಆ ನಿಲುವು ನನಗೆ ಚೆನ್ನಾಗಿ ಗೊತ್ತು.

"ನೀವು ಇಷ್ಟು ಬೇಗ ಬರ್ತೀರಿ ಅಂತ ಗೊತ್ತಿರಲಿಲ್ಲ," ಅಂದರು. "ಕಿಟಕಿ ತೆಗೀತೇನೆ. ಇವತ್ತು ಒಂದು ಸಲ, ಅಷ್ಟೇ. ನಿಮಗೆ ವಾಸನೆ ಆಗ್ಲಿಕ್ಕಿಲ್ಲ ಅಲ್ವಾ, ನಾಳೆ ಹೋಗ್ತೀರಲ್ಲ ಹೇಗೂ."

ಅಷ್ಟು ಹೇಳಿ, ಅಭ್ಯಾಸದಂತೆ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ನನ್ನತ್ತ ಮೇಜಿನ ಮೇಲಿಟ್ಟರು.

ನನಗೆ ಆ ಬಾಳೆಹಣ್ಣು ನೋಡಿದ್ದೇ ತಲೆಕೆಟ್ಟಿತು. ತಟ್ಟೆ ಹೋಗಿದೆ, ಮನೆ ಹೋಗುತ್ತಿದೆ, ಇನ್ನು ಯಾರ ಇಂಪ್ರೆಷನ್ನು. ನಾನು ಮುಟ್ಟಿದರೆ ಏನಾಗುತ್ತದೆ ಎಂದು ಇಷ್ಟು ದಿನ ಸಿಪ್ಪೆ ಇರುವುದನ್ನೇ ಕೊಟ್ಟಿರಿ ಎಂದು ಕೇಳಿಯೇಬಿಟ್ಟೆ. ನನ್ನ ತಟ್ಟೆ ಮುಟ್ಟಬೇಡ ಎಂದು ಮಗುವಿಗೆ ಯಾಕೆ ಹೇಳಿಕೊಟ್ಟಿರಿ ಎಂದೂ.

ಅಜ್ಜಿ ನನ್ನನ್ನು ನೋಡಿದ ರೀತಿ, ನಾನು ಉರುಕ್ ಪಟ್ಟಣದ ಭಾಷೆಯಲ್ಲಿ ಮಾತಾಡಿದ ಹಾಗಿತ್ತು.

"ಮತ್ತೆ ಬೇಯಿಸಿದ್ದು ಕೊಟ್ರೆ ನೀವು ತಿಂತಿದ್ರಾ?" ಅಂದರು. "ಸ್ವಂತ ತಟ್ಟೆ ಹಿಡ್ಕೊಂಡು ಬಂದವರು ನೀವು. ನಮ್ಮ ಲೋಟದಲ್ಲಿ ನೀರು ಸಹ ಮುಟ್ಟಲಿಲ್ಲ. ನನ್ನ ಕೈಯಿಂದ ತಟ್ಟೆ ತಕ್ಕೊಳ್ಳಲಿಲ್ಲ. ಭಟ್ರ ಮಗಳು, ಮಡಿ ಉಂಟು, ನಾವು ಮುಟ್ಟಿ ಹಾಳು ಮಾಡುವುದು ಬೇಡ ಅಂತ ನಾನು."

ಆಮೇಲೆ ಉರಿ ತಗ್ಗಿಸಿ, ಸಟ್ಟುಗ ಹಿಡಿದು, ನಿಲ್ಲಿಸಲಾಗದೆ ಹೇಳುತ್ತಾ ಹೋದರು. ಅವರು ಚಿಕ್ಕವರಿದ್ದಾಗ ಗದ್ದೆಯ ದಣಿಗಳು ಇವರ ಮನೆಗೆ ಬಂದರೆ ಜಗಲಿಯಿಂದೀಚೆ ಬರುತ್ತಿರಲಿಲ್ಲ. ಇವರ ಬಾವಿಯ ನೀರು ಆಗದು, ಬೇಯಿಸಿದ್ದು ಆಗದು. ಮರದಿಂದ ಇಳಿಸಿದ ಎಳನೀರು ಆಗುತ್ತದೆ, ಬಾಳೆಹಣ್ಣು ಆಗುತ್ತದೆ, ಯಾಕೆಂದರೆ ಒಳಗೆ ಯಾರ ಕೈಯೂ ಹೋಗಿಲ್ಲ. ಭಟ್ಟರಿಗೆ ಕೊಡುವುದಾದರೆ ಎಲೆಯಲ್ಲಿ ಹಸಿ ಅಕ್ಕಿ, ಬೆಲ್ಲ, ಅವರೇ ಬೇಯಿಸಿಕೊಳ್ಳುತ್ತಾರೆ. ಅವರ ಚೆಂಬು ಅಂಗಳದಲ್ಲಿ ಇದ್ದರೆ ಮಕ್ಕಳು ಮುಟ್ಟಬಾರದು, ಮುಟ್ಟಿದರೆ ಪೆಟ್ಟು. ಅಜ್ಜಿಗೆ ಬಿದ್ದಿತ್ತಂತೆ. ಇಷ್ಟು ದೂರ ಬಂದ ಮೇಲೂ ಮನೆಯೊಳಗೇ ಅಂಥವರೊಬ್ಬರು ಬಂದು ಕೂತರಲ್ಲ, ಅವರಿಗಾಗಿ ನಾನು ನನ್ನ ಮನೆಯಲ್ಲೇ ಮೀನು ಬಿಡಬೇಕಾಯಿತಲ್ಲ ಎಂದು ಸೊಸೆಯ ಹತ್ತಿರ ಅತ್ತಿದ್ದರಂತೆ. ಫ್ರೀಜರಿನಲ್ಲಿ ತೆಂಗಿನತುರಿ ಇರುವುದು ಒಂದು ಪ್ಯಾಕೆಟ್ಟು. ಉಳಿದದ್ದೆಲ್ಲ ಮೀನು, ಬಂಗುಡೆ, ಬೂತಾಯಿ.

ನಾನು ಕುರ್ಚಿಯಿಂದ ಇಳಿದೆ.

"ಅಜ್ಜಿ, ನಮ್ಮೂರಲ್ಲಿ ಸ್ವಂತ ಲೋಟ ಇಟ್ಕೊಳ್ಳೋರು ಭಟ್ರಲ್ಲ."

"ಮತ್ತೆ?"

"ಹೋಟ್ಲೊಳಗೆ ಬಿಡದೇ ಇರೋರು."

ಅಜ್ಜಿಯ ಕೈಯ ಸಟ್ಟುಗ ಬಾಣಲೆಯ ಮೇಲೆ ನಿಂತಿತು. ಒಂದು ಕ್ಷಣ. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ದಣಿಗಳ ಕೆಳಗೆ ಅವರು, ಅವರ ಕೆಳಗೆ ಇನ್ನೂ ಯಾರೋ ಇದ್ದರಲ್ಲ, ಅದು ಅವರಿಗೂ ನೆನಪಿರಬೇಕು. ಆ ಒಂದು ಕ್ಷಣವನ್ನು ನಾನು ಇಟ್ಟುಕೊಂಡಿದ್ದೇನೆ. ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಮೇಲೆ ಮೀನು ಕರಟುವ ವಾಸನೆ ಬಂತು. ಅವರು ಮಗುಚಿದರು.

"ಒಣಮೀನು ತಿಂತೀಯಾ ನೀನು?"

ಟ್ಯೂನಾದ ವಿಷಯವನ್ನೂ ಹೇಳಿದೆ, ಕಿಟಕಿ, ಟವೆಲ್, ಬಸ್‌ಸ್ಟಾಪು ಎಲ್ಲ. ಅಜ್ಜಿಯ ಮುಖದಲ್ಲಿ ಅಸಹ್ಯ ಕಂಡದ್ದು ಆಗ. "ಡಬ್ಬಿ ಮೀನಾ? ಥೂ. ಅದನ್ನು ಆ ಬೆಕ್ಕು ಸಹ ಮೂಸುವುದಿಲ್ಲ. ಕೆಳಗೆ ಪೆಟ್ಟಿಗೆ ತುಂಬ ಬಂಗುಡೆ ಇಟ್ಕೊಂಡು ಡಬ್ಬಿ ತಿಂದದ್ದಾ ನೀನು, ಕರ್ಮ."

ನೀಲಿ ಹೂವಿನ ತಟ್ಟೆಯಲ್ಲಿ ಗಂಜಿ ಹಾಕಿಕೊಟ್ಟರು. ಪಕ್ಕದಲ್ಲಿ ಮೀನು, ಎರಡು ತುಂಡು, ಆಮೇಲೆ ಇನ್ನೆರಡು. ನಾನು ಎಡಗೈಯನ್ನು ತಟ್ಟೆಯ ಸುತ್ತ ಬೇಲಿಯ ಹಾಗೆ ಇಟ್ಟುಕೊಂಡು ತಿನ್ನುತ್ತೇನಂತೆ. "ಯಾರೂ ಕಿತ್ಕೊಳ್ಳುವುದಿಲ್ಲ, ನಿಧಾನ ಉಣ್ಣು" ಅಂದರು. ಒಂದು ದಿನ ಹಾಸ್ಟೆಲಿನಲ್ಲಿದ್ದಿದ್ದರೆ ಹೀಗೆನ್ನುತ್ತಿರಲಿಲ್ಲ.

ಮುಗಿಸಿ ತಟ್ಟೆ ಹಿಡಿದು ಸಿಂಕಿನತ್ತ ಹೋದೆ. "ಅಲ್ಲೇ ಇಡು" ಅಂದರು. ತೊಳೆಯದ ತಟ್ಟೆ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಎಂದು ಯಾರೂ ಎಲ್ಲೂ ಬರೆದಿಲ್ಲ. ಕೈಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಇಟ್ಟು ಬಂದೆ. ಮೆಟ್ಟಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಅಲ್ಲೇ ಇತ್ತು.

ಸಂಜೆ ಪ್ರಜ್ಞಾ ಆಂಟಿ ಬಾಗಿಲಲ್ಲೇ ಮೂಗರಳಿಸಿ ನಿಂತರು. ಅಜ್ಜಿ ಒಳಗಿನಿಂದ ತುಳುವಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ನಡುವೆ ನನ್ನ ಹೆಸರು ಎರಡು ಸಲ ಬಂತು, ಟ್ಯೂನಾ ಮೂರು ಸಲ. ಆಂಟಿ ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ಕೆಳಗೆ ಬಗ್ಗಿ ನನಗೆ ಹೇಳಿದರು: "ಏಪ್ರಿಲ್‌ವರೆಗೆ ಅಂತೆ. ಮಾಮಿ ಹೇಳ್ತಾರೆ, ಶನಿವಾರ ಫ್ರೀಜರ್ ಕ್ಲೀನ್ ಮಾಡ್ಲಿಕ್ಕುಂಟು, ನೀನು ಕೈ ಹಾಕಬೇಕಂತೆ."

ಅಂದರೆ ಪುಕ್ಕಟೆ ಕೂಲಿ. ಐದು ಸಾವಿರ ವರ್ಷದಲ್ಲಿ ಏನೂ ಬದಲಾಗಿಲ್ಲ.

ಬ್ರಾಂಪ್ಟನ್ನಿಗೆ ಫೋನ್ ಮಾಡುವುದು ಮರೆತೇಹೋಯಿತು. ಈಗ ಬೇರೆಯವಳು ಬಂದಿರುತ್ತಾಳೆ, ಬರಲಿ.

ಗಂಜಿಗೆ ಒಂದು ಹರಳು ಉಪ್ಪು ಹಾಕಿರಲಿಲ್ಲ. ಕೇಳಿದರೆ ಮೀನಿನಲ್ಲಿ ಉಂಟಲ್ಲ ಅನ್ನುತ್ತಾರೆ. ಎಂಥ ತರ್ಕವೋ. ಮೀನಿನದು ಮೀನಿಗೆ, ಗಂಜಿಯದು ಗಂಜಿಗೆ. ನಾಳೆ ಹೇಳಬೇಕು.